ಗಾಜಿನ ಪೆಟ್ಟಿಗೆಯ ಬಸವನಹುಳು

ಪೂರ್ವ ಆಫ್ರಿಕಾ ಮೂಲದ ದೈತ್ಯ ಬಸವನಹುಳುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ, ಬ್ರಿಟನ್ನಿನ ಹಲವು ಮನೆಗಳಲ್ಲಿರುವ ರೂಢಿಯು, ದನಿಯಿಲ್ಲದ ಜೀವಿಯೊಂದರ ಅಗತ್ಯಗಳನ್ನು ಅದರ ಚಿಪ್ಪು, ನಡೆಗಳಿಂದಲೇ ಓದಿಕೊಳ್ಳುವ ಸೂಕ್ಷ್ಮ ಕಲೆಯಾಗಿದೆ. ಪೆಟ್ಟಿಗೆಯ ತಳದಲ್ಲಿ ಹರಡಿದ ತೆಂಗಿನ ನಾರಿನ ಪುಡಿ ಒಣಗಿದರೆ ಹುಳುವು ಚಿಪ್ಪಿನೊಳಕ್ಕೆ ಸರಿದು, ಅದರ ಬಾಯಿಗೆ ಒಣಲೋಳೆಯ ತೆಳುಪೊರೆ ಮುಚ್ಚಿಕೊಂಡು ದೀರ್ಘ ನಿದ್ರೆಗೆ ಜಾರುತ್ತದೆ. ಆದ್ದರಿಂದ ನೀರು ಚಿಮುಕಿಸಿ ತೇವ ಕಾಯುವುದೇ ಇಲ್ಲಿ ಮೊದಲ ಕರ್ತವ್ಯ. ಸೌತೆ, ಸೊಪ್ಪುಗಳಷ್ಟೇ ಮುಖ್ಯವಾದುದು ಸುಣ್ಣದಂಶ: ಕಟಲ್ ಮೀನಿನ ಒಳಚಿಪ್ಪನ್ನು, ಅಂದರೆ ಆಯುರ್ವೇದದಲ್ಲಿ ಸಮುದ್ರನೊರೆ ಎನಿಸಿಕೊಂಡ ವಸ್ತುವನ್ನು, ಒದಗಿಸಿದರೆ ಹುಳುವು ತನ್ನ ರಾಡುಲಾದಿಂದ, ಎಂದರೆ ಸಾವಿರಾರು ಸೂಕ್ಷ್ಮ ಹಲ್ಲುಗಳುಳ್ಳ ಅರದಂಥ ನಾಲಗೆಯಿಂದ, ಅದನ್ನು ಕೆರೆದು ತಿಂದು ಚಿಪ್ಪನ್ನು ಬೆಳೆಸಿಕೊಳ್ಳುತ್ತದೆ. ಚಿಪ್ಪಿನ ಬೆಳೆಯುವ ಅಂಚು ಬಹಳ ನಾಜೂಕಾದ್ದರಿಂದ, ಅದನ್ನು ಹಿಡಿದು ಎಳೆಯದೆ, ಒದ್ದೆ ಕೈಯನ್ನು ಮುಂದೊಡ್ಡಿ ಹುಳು ತಾನಾಗಿ ಹತ್ತುವವರೆಗೆ ಕಾಯುವ ಸಾಕಣೆದಾರರ ತಾಳ್ಮೆ ನಿಜಕ್ಕೂ ಮೆಚ್ಚತಕ್ಕದ್ದು. ಪ್ರತಿಯೊಂದು ಹುಳುವೂ ಉಭಯಲಿಂಗಿಯಾಗಿದ್ದು ಒಮ್ಮೆಗೆ ನೂರಾರು ಮೊಟ್ಟೆಗಳನ್ನಿಡಬಲ್ಲುದರಿಂದ, ಹೆಚ್ಚುವರಿ ಮೊಟ್ಟೆಗಳನ್ನು ಫ್ರೀಜರಿನಲ್ಲಿಟ್ಟು ನಾಶಪಡಿಸುವುದೂ ಈ ಪಾಲನೆಯ ಭಾಗವೇ. 1847ರಲ್ಲಿ ಕಲ್ಕತ್ತೆಗೆ ತಂದು ಬಿಟ್ಟ ಇದೇ ಪ್ರಭೇದವು ಇಂದು ಕರ್ನಾಟಕದ ತೋಟಗಳಲ್ಲಿ ಬೆಳೆ ಮೇಯುವ ಪೀಡೆಯಾಗಿದೆ. ಬ್ರಿಟನ್ನಿನಲ್ಲಿ ಅದನ್ನು ಸಾಕಲು ಅಡ್ಡಿಯಿಲ್ಲವಾದರೂ ಬಯಲಿಗೆ ಬಿಡುವುದು ಕಾನೂನುಬಾಹಿರ.