ಎಕ್ಕ ಮತ್ತು ಕಾಕತುಂಡೀ: ನಾಮಪ್ರಮಾಣದ ವಿಮರ್ಶೆ

ಸಸ್ಯವೊಂದು ದೇಶ್ಯವೋ ಆಗಂತುಕವೋ ಎಂಬುದನ್ನು ಹೆಸರಿನಿಂದಲೇ ನಿರ್ಣಯಿಸುವ ರೂಢಿ ನಮ್ಮ ಪಂಡಿತರಲ್ಲುಂಟು. ಸಂಸ್ಕೃತನಾಮವಿದ್ದರೆ ಪ್ರಾಚೀನ, ಪ್ರಾಚೀನವಾದರೆ ಸ್ವದೇಶೀಯ ಎಂಬುದು ಅವರ ಅನುಮಾನಕ್ರಮ. ಈ ಹೇತುವು ಅನೈಕಾಂತಿಕವೆಂದು ತೋರಿಸುವುದೇ ಪ್ರಕೃತೋದ್ದೇಶ.

ಹಾಲು ಸೂಸುವ ಗಿಡಗಳ ಪೈಕಿ ಕೆಂಪು ಹಳದಿ ಹೂ ಬಿಡುವ ಒಂದಕ್ಕೆ ಈಚಿನ ಔಷಧಿಕೋಶಗಳು ‘ಕಾಕತುಂಡೀ’ ಎಂಬ ಹೆಸರನ್ನಿತ್ತಿವೆ. ಹೆಸರು ಆರ್ಷವೆಂಬಂತೆ ಕೇಳಿಸುತ್ತದೆ. ಆದರೆ 1753ರಲ್ಲಿ ಲಿನ್ನೇಯಸನು ಇದಕ್ಕಿತ್ತ ‘ಕುರಸ್ಸಾವಿಕ’ ಎಂಬ ವಿಶೇಷಣವು ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪವನ್ನು ಸೂಚಿಸುತ್ತದೆ; ಗಿಡದ ಜನ್ಮಭೂಮಿ ಅಮೆರಿಕದ ಉಷ್ಣಪ್ರದೇಶ. ಕೊಲಂಬಸನು ಅಲ್ಲಿಗೆ ತಲಪಿದ 1492ಕ್ಕೆ ಹಿಂದಿನ ಗ್ರಂಥಗಳಲ್ಲಿ ಕಾಕತುಂಡೀಪದವಿದ್ದರೆ ಅದು ಬೇರೊಂದು ಗಿಡಕ್ಕೇ ಸಲ್ಲಬೇಕು.

ಎಕ್ಕದ ವಿಷಯ ಬೇರೆ. ಶತಪಥಬ್ರಾಹ್ಮಣದಲ್ಲಿ ಶತರುದ್ರೀಯಹೋಮಕ್ಕೆ ಅರ್ಕಪತ್ರವು ವಿಹಿತವಾಗಿದೆ. ಆದರೆ ಅದು ಉತ್ತರದೇಶಕ್ಕೆ ಪ್ರಮಾಣವೇ ಹೊರತು ಕೋಲಾರಸೀಮೆಗಲ್ಲ. ಇಲ್ಲಿಗೆ ಬೇಕಾದ ಸಾಕ್ಷ್ಯವು ಜನರ ನುಡಿಯಲ್ಲಿದೆ. ಬಂಗಾರಪೇಟೆಯಿಂದ ಚಿನ್ನದ ಗಣಿಗಳವರೆಗಿನ ನೆಲವು ಮೂರು ಭಾಷೆಗಳ ಸಂಗಮ: ಕನ್ನಡಿಗರಿಗೆ ಎಕ್ಕ, ತಮಿಳರಿಗೆ ಎರುಕ್ಕು, ತೆಲುಗರಿಗೆ ಜಿಲ್ಲೇಡು. ಎಕ್ಕವು ಅರ್ಕದ ತದ್ಭವವೆಂದು ನಾವು ಪಾಠ ಹೇಳುತ್ತ ಬಂದಿದ್ದೇವೆ. ಆದರೆ ಕನ್ನಡದ ‘ಎರ್ಕೆ’ ಎಂಬ ರೂಪವು ಎರುಕ್ಕು ಎಂಬುದಕ್ಕೆ ಸೋದರವಾಗಿ ತೋರುತ್ತದೆ. ಸಂಘಕಾಲದ ಕುರುಂತೊಗೈಯಲ್ಲಿಯೇ ಎರುಕ್ಕಿನ ಹೂವಿನ ಪ್ರಸ್ತಾಪವುಂಟು. ಜಿಲ್ಲೇಡಿಗಂತೂ ಅರ್ಕದ ಸೋಂಕೇ ಇಲ್ಲ.

ಭಾರತವು ಎಕ್ಕದ ಸಹಜನೆಲೆಗಳಲ್ಲೊಂದೆಂಬ ಸಸ್ಯಶಾಸ್ತ್ರಜ್ಞರ ಮತಕ್ಕೆ ಈ ನಾಮಸಾಕ್ಷ್ಯವು ಒತ್ತಾಸೆಯಾಗುತ್ತದೆ; ತಾನೊಂದೇ ಅದನ್ನು ಸಾಧಿಸಲಾರದು. ಆದುದರಿಂದ ಕೋಶವನ್ನು ತೆರೆಯುವವನು ಮೊದಲು ಗಿಡವನ್ನು ನೋಡಲಿ. ವಸ್ತುವನ್ನು ಪರೀಕ್ಷಿಸದ ನಾಮವಿಚಾರವು ವಿದ್ಯಾರ್ಥಿಗಳಿಗೆ ಭ್ರಾಂತಿಯನ್ನೇ ಪಾಠವಾಗಿ ಒಪ್ಪಿಸುತ್ತದೆ.