ಅರಕೇರಿಯಿಂದ ಬೀಜಿಂಗಿನ ಕಾನೂನು ಓದುವುದು

1992ರ ಏಪ್ರಿಲ್‌ನಲ್ಲಿ ಚೀನಾದ ರಾಷ್ಟ್ರೀಯ ಜನತಾ ಕಾಂಗ್ರೆಸ್ ತ್ರೀ ಗಾರ್ಜಸ್ ಅಣೆಕಟ್ಟಿಗೆ ಒಪ್ಪಿಗೆ ಕೊಟ್ಟಿತು. ಪರ 1,767, ವಿರೋಧ 177, ತಟಸ್ಥ 664. ಹೇಳಿದ್ದಕ್ಕೆಲ್ಲ ಕೈ ಎತ್ತುವ ಸಭೆ ಎಂದು ಹೆಸರಾದ ಕಡೆ ಮೂರರಲ್ಲಿ ಒಂದು ಪಾಲು ಜನ ಹೂಂ ಅನ್ನಲಿಲ್ಲ. ಚೀನಾದ ಸಂವಿಧಾನ ಓದಹೊರಟವರು ಈ ಅಂಕಿಗಳ ಮುಂದೆ ಒಂದಿಷ್ಟು ಹೊತ್ತು ಕೂರಬೇಕು. ಅಷ್ಟು ಜನರ ಅಸಮ್ಮತಿ ಮುಂದೆ ಎಲ್ಲಿಗೆ ಹೋಯಿತು? ಕೋರ್ಟಿಗಂತೂ ಹೋಗಲಿಲ್ಲ. ಯೋಜನೆ ನಡೆಯಿತು, ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಊರು ಬಿಟ್ಟರು.

ವಿಜಯಪುರ ಜಿಲ್ಲೆಯ ಅಮೋಘಸಿದ್ಧನ ಅರಕೇರಿಗೆ, ತಿಕೋಟಾ–ಬಬಲೇಶ್ವರ ಸೀಮೆಗೆ ಇದು ದೂರದ ಮಾತಲ್ಲ. ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದೆಂದು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಹೇಳಿದರೂ ರಾಜ್ಯ ರಾಜ್ಯಗಳ ತಕರಾರು, ಸುಪ್ರೀಂ ಕೋರ್ಟಿನ ತಡೆ ಎಂದು ವಿಷಯ ಎಳೆದಾಡುತ್ತಲೇ ಬಂತು. ಈ ಕಡೆ ಕೆರೆಗೆ ನೀರು ಬಂದು ದ್ರಾಕ್ಷಿ ಪಡ ಚಿಗುರಿದ ರೈತ, ಆ ಕಡೆ ಮುಳುಗಡೆ ಪರಿಹಾರದ ಖಟ್ಲೆ ಹಿಡಿದು ಅಲೆಯುವ ರೈತ. ಅಲ್ಲಿ ಒಂದು ಮತದಾನದಲ್ಲಿ ಮುಗಿದದ್ದು ಇಲ್ಲಿ ಎರಡು ತಲೆಮಾರು ದಾಟಿದೆ. ಯಾವುದು ಮೇಲು ಎಂದು ಕೇಳಿದರೆ ಉತ್ತರ ಕೇಳುವವರ ಹೊಲ ಎಲ್ಲಿದೆ ಎಂಬುದರ ಮೇಲೆ ನಿಂತಿದೆ.

ಇಂಥ ಅನುಭವ ಇಟ್ಟುಕೊಂಡೂ ನಾವು ಚೀನಾದ ಕಾನೂನನ್ನು ಓದಲಿಲ್ಲ. ಮಂಗಳೂರಿನ ಬೆನೆಗಲ್ ನರಸಿಂಗ ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಕೊನೆಗೆ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಬಂದರು. ನಮ್ಮ ಕಾನೂನು ಕಾಲೇಜುಗಳ ತುಲನಾತ್ಮಕ ಪಾಠ ಇವತ್ತಿಗೂ ಹೆಚ್ಚುಕಡಿಮೆ ಅದೇ ದಾರಿ ಹಿಡಿದಿದೆ. ಚೀನಾ ಸಿಕ್ಕರೆ ರಾಜ್ಯಶಾಸ್ತ್ರದ ಪುಸ್ತಕದಲ್ಲಿ, ‘ಏಕಪಕ್ಷ ಪದ್ಧತಿ’ ಎಂಬ ಸಣ್ಣ ಅಧ್ಯಾಯದಲ್ಲಿ.

ಚೀನಾದೊಳಗೇ ಅಲ್ಲಿನ ಸಂವಿಧಾನ, ಕಾನೂನುಗಳ ಅಧ್ಯಯನ ಮೂರು ದಾರಿಯಲ್ಲಿ ನಡೆದಿದೆ. ಮೊದಲನೆಯವರು ಪಠ್ಯವನ್ನು ನಂಬಿದವರು. 1982ರ ಸಂವಿಧಾನದಲ್ಲಿ ಹಕ್ಕುಗಳಿವೆ, ಅವನ್ನು ಕೋರ್ಟಿನಲ್ಲಿ ಬಳಸೋಣ ಎಂಬ ಆಸೆ ಅವರದು. ಚಿ ಯುಲಿಂಗ್ ಎಂಬ ಹುಡುಗಿಯ ಹೆಸರು, ಅಂಕ ಎರಡನ್ನೂ ಕದ್ದು ಇನ್ನೊಬ್ಬಳು ಓದಿ ನೌಕರಿ ಹಿಡಿದಿದ್ದಳು. ಅದು ಸಂವಿಧಾನ ಕೊಟ್ಟ ಶಿಕ್ಷಣದ ಹಕ್ಕಿನ ಉಲ್ಲಂಘನೆ ಎಂದು 2001ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿದಾಗ ಇವರಿಗೆ ಹಬ್ಬ. 2008ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಆ ಅಭಿಪ್ರಾಯವನ್ನು ಹಿಂದಕ್ಕೆ ಪಡೆಯಿತು. ಇವರ ಇನ್ನೊಂದು ಗೆಲುವು 2003ರ ಸುನ್ ಝಿಗಾಂಗ್ ಪ್ರಕರಣ. ಗುರುತಿನ ಕಾಗದ ಇಲ್ಲವೆಂದು ಹಿಡಿದಿಟ್ಟ ಆ ತರುಣ ಬಂಧನದಲ್ಲೇ ಸತ್ತ. ಅವನನ್ನು ಹಿಡಿಯಲು ಬಳಸಿದ ನಿಯಮ ಸಂವಿಧಾನಕ್ಕೆ ವಿರುದ್ಧ, ಪರಿಶೀಲಿಸಿ ಎಂದು ಮೂವರು ಕಾನೂನು ಪಂಡಿತರು ಜನತಾ ಕಾಂಗ್ರೆಸ್ಸಿನ ಸ್ಥಾಯಿ ಸಮಿತಿಗೆ ಅರ್ಜಿ ಹಾಕಿದರು. ಸಮಿತಿ ತೀರ್ಪು ಕೊಡುವ ಮೊದಲೇ ಸರ್ಕಾರ ತಾನಾಗಿ ನಿಯಮ ರದ್ದುಮಾಡಿತು. ಇದನ್ನು ಸಂವಿಧಾನದ ಜಯವೆಂದು ಬರೆದವರು ಬಹಳ. ನನಗೆ ಕಾಣುವುದು ಬೇರೆ: ಪರಿಶೀಲನೆಗೆ ಸಿಗದಂತೆ ಸರ್ಕಾರ ಚೊಕ್ಕವಾಗಿ ಜಾರಿಕೊಂಡಿತು.

ಎರಡನೆಯ ಗುಂಪು ರಾಜಕೀಯ ಸಂವಿಧಾನವಾದಿಗಳದು. ನಿಜವಾದ ಸಂವಿಧಾನ ಅಚ್ಚಾದ ಪುಸ್ತಕದಲ್ಲಿಲ್ಲ, ಪಕ್ಷದ ನಾಯಕತ್ವವೇ ಅಲಿಖಿತ ಸಂವಿಧಾನ ಎಂದು ಜಿಯಾಂಗ್ ಶಿಗಾಂಗ್ ವಾದಿಸಿದರು. 2018ರ ತಿದ್ದುಪಡಿ ಪಕ್ಷದ ನಾಯಕತ್ವವನ್ನು ಒಂದನೇ ವಿಧಿಗೇ ಸೇರಿಸಿತು, ರಾಷ್ಟ್ರಾಧ್ಯಕ್ಷರ ಅವಧಿಯ ಮಿತಿ ತೆಗೆಯಿತು. ಅಲಿಖಿತವಾಗಿದ್ದುದು ಲಿಖಿತವೇ ಆಯಿತು. ಅಧಿಕಾರ ಎಲ್ಲಿದೆ ಎಂದು ಈ ಪಂಥ ಸರಿಯಾಗಿ ತೋರಿಸುತ್ತದೆ; ತೋರಿಸಿದ ಮರುಗಳಿಗೆ ಅದಕ್ಕೆ ಅಡ್ಡಬೀಳುತ್ತದೆ.

ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು ಮೂರನೆಯದು, ಆಡಳಿತ ಕಾನೂನಿನವರ ಕೆಲಸ. ಅವರಿಗೆ ಸಿಕ್ಕ ಸಾಮಗ್ರಿ ದೊಡ್ಡ ಮಾತುಗಳಲ್ಲ, ಆದೇಶ, ದಂಡ, ಲೈಸೆನ್ಸು, ಜಮೀನಿನ ನೋಟಿಸು. 1989ರ ಆಡಳಿತ ವ್ಯಾಜ್ಯ ಕಾಯ್ದೆ ಸಾಮಾನ್ಯ ಪ್ರಜೆ ಅಧಿಕಾರಿಯ ಮೇಲೆ ದಾವೆ ಹೂಡಲು ದಾರಿ ಮಾಡಿತು. 1993ರಲ್ಲಿ ಲುವೊ ಹಾವೊಚಾಯ್ ‘ಸಮತೋಲನ ಸಿದ್ಧಾಂತ’ ಮುಂದಿಟ್ಟರು: ಆಡಳಿತ ಕಾನೂನು ಇರುವುದು ಬರೀ ಸರ್ಕಾರ ನಡೆಸಲಿಕ್ಕಲ್ಲ, ಬರೀ ಕಟ್ಟಿಹಾಕಲಿಕ್ಕೂ ಅಲ್ಲ, ಅಧಿಕಾರ ಮತ್ತು ಪ್ರಜೆಯ ಹಕ್ಕು ಎರಡನ್ನೂ ತೂಗಿಸಲಿಕ್ಕೆ. ತಕ್ಕಡಿ ಹಿಡಿದ ನ್ಯಾಯಾಧೀಶನ ಸಂಬಳ, ನೇಮಕ ಒಂದೇ ತಟ್ಟೆಯ ಕಡೆಯಿಂದ ಬರುವಾಗ ತೂಕ ಹೇಗೆ ಸರಿಹೋದೀತು ಎಂಬಲ್ಲಿ ಈ ಸಿದ್ಧಾಂತ ದನಿ ತಗ್ಗಿಸುತ್ತದೆ. ಆದರೂ ಅದರ ನೆರಳಲ್ಲಿ ಗಟ್ಟಿ ಕೆಲಸ ನಡೆದಿದೆ. 2014ರ ತಿದ್ದುಪಡಿ ಇಲಾಖೆಯ ಮುಖ್ಯಸ್ಥನೇ ಕೋರ್ಟಿಗೆ ಬರಬೇಕು, ಬರಲಾಗದಿದ್ದರೆ ತನ್ನ ಸಿಬ್ಬಂದಿಯನ್ನು ಕಳಿಸಬೇಕು ಎಂದಿತು. ಅರಕೇರಿಯ ರೈತ ತಹಶೀಲ್ದಾರರ ಆದೇಶದ ವಿರುದ್ಧ ರಿಟ್ ಹಾಕಬೇಕಾದರೆ ಕಲಬುರಗಿ ಪೀಠಕ್ಕೆ ಹೋಗಬೇಕು. ಅಲ್ಲಿ ಎದುರು ನಿಲ್ಲುವವರು ಸರ್ಕಾರಿ ವಕೀಲರು. ಸಾಹೇಬರು ಖುದ್ದು ಕಾಣಿಸುವುದು ಬಹುಮಟ್ಟಿಗೆ ನ್ಯಾಯಾಂಗ ನಿಂದನೆಯ ಮಾತು ಬಂದಾಗಲೇ.

ಮೂರು ಪಂಥಗಳದೂ ಕೊರತೆ ಒಂದೇ. ಕಣ್ಣು ಕೋರ್ಟಿನ ಮೇಲೋ ಪಕ್ಷದ ಮೇಲೋ ಇರುತ್ತದೆ, ಕೌಂಟರಿನ ಮೇಲೆ ಇರುವುದಿಲ್ಲ. ನಮ್ಮ ಸಕಾಲದ ರಸೀದಿ ನೋಡಿ. ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟರೆ 15 ಅಂಕಿಯ ನಂಬರು, ಯಾವ ದಿನದೊಳಗೆ ಸಿಗಬೇಕೆಂಬ ತಾರೀಖು. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500, ಕೇಳಿ ಪಡೆಯಬಹುದು. ಚೀನಾದ 2003ರ ಆಡಳಿತ ಪರವಾನಗಿ ಕಾಯ್ದೆಯಲ್ಲೂ ದಿನಗಳ ಗಡುವಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸಲು ನಮ್ಮಲ್ಲಿ 30 ದಿನ. ಅವರಲ್ಲಿ 2019ರ ಪರಿಷ್ಕರಣೆಯ ನಂತರ 20 ಕೆಲಸದ ದಿನ. ಕಾಗದದ ಮೇಲೆ ಅಂತರ ಅಷ್ಟೇನಿಲ್ಲ. ಉತ್ತರ ಬರದಿದ್ದಾಗ ನಮ್ಮವನಿಗೆ ಮಾಹಿತಿ ಆಯೋಗವಿದೆ, ಚೀನಾದವನಿಗೆ ಮೇಲಿನ ಕಚೇರಿ ಅಥವಾ ಕೋರ್ಟು. ಓದಬೇಕಾದದ್ದು ಅಲ್ಲಿಂದ ಮುಂದಿನ ಹೆಜ್ಜೆಗಳನ್ನು.

ಗ್ರಾಮಾಡಳಿತದಲ್ಲಿ ಈ ಹೋಲಿಕೆ ಇನ್ನೂ ಇರುಸುಮುರುಸು ತರುತ್ತದೆ. ಚೀನಾದ ಗ್ರಾಮ ಸಮಿತಿ ಸಂವಿಧಾನದ ಪ್ರಕಾರ ಜನರ ಸ್ವಯಮಾಡಳಿತದ ಸಂಸ್ಥೆ. 2018ರಲ್ಲಿ ಅದರ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು, ಪಕ್ಷದ ಕಾರ್ಯದರ್ಶಿಯೇ ಸಮಿತಿಯ ಮುಖ್ಯಸ್ಥನೂ ಆಗುವ ಪದ್ಧತಿಗೆ ಮೇಲಿನಿಂದ ಒತ್ತು ಸಿಕ್ಕಿತು. ನಮ್ಮಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆಯೇ ಇಲ್ಲ. ಇದು ದೊಡ್ಡ ವ್ಯತ್ಯಾಸ, ಹೆಮ್ಮೆ ಪಡುವಂಥದ್ದೇ. ಆದರೆ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎನ್ನುವ 243ಇ ವಿಧಿ ನಮ್ಮ ಸಂವಿಧಾನದಲ್ಲಿರುವಾಗಲೇ, 1983ರ ಜಿಲ್ಲಾ ಪರಿಷತ್ ಕಾಯ್ದೆಯಿಂದ ದೇಶಕ್ಕೆ ದಾರಿ ತೋರಿದ ಕರ್ನಾಟಕದಲ್ಲಿ 2021ಕ್ಕೆ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ಕಾರಣ ಕೊಡುತ್ತ ಆಡಳಿತಾಧಿಕಾರಿಗಳೇ ಸಹಿ ಹಾಕುತ್ತ ಹೋದರು. ಬೀಜಿಂಗಿನಲ್ಲಿ ಕುಳಿತು ಭಾರತದ ಸಂವಿಧಾನ ಓದುವ ವಿದ್ಯಾರ್ಥಿಯೊಬ್ಬ ಈ ವಿಧಿಯನ್ನೂ ವಿಜಯಪುರ ಜಿಲ್ಲಾ ಪಂಚಾಯ್ತಿಯ ಖಾಲಿ ಸಭಾಂಗಣವನ್ನೂ ಜೊತೆಗಿಟ್ಟರೆ, ನಾವು ಚೀನಾದ ಬಗ್ಗೆ ಕೇಳುವ ಪ್ರಶ್ನೆಯನ್ನೇ ಅವನೂ ಕೇಳುತ್ತಾನೆ.