ಪೌಂಡು, ಯೆನ್ನು ಮತ್ತು ಅಪ್ಪಯ್ಯನ ಊರು

ಸಿನಿಮಾ ಬಂದರೆ ವಿಮರ್ಶೆ ಬರೆಯುತ್ತಾರೆ, ಕಾದಂಬರಿ ಬಂದರೆ ಬರೆಯುತ್ತಾರೆ. ಹೊಸ ಮೊಬೈಲು ಬಂದರಂತೂ ಅದರ ಡಬ್ಬ ಬಿಚ್ಚುವುದನ್ನೇ ಅರ್ಧ ಗಂಟೆ ವಿಡಿಯೊ ಮಾಡಿ ಹಾಕ್ತಾರೆ. ಫಾಂಟಿನ ವಿಮರ್ಶೆ ಮಾತ್ರ ಯಾರೂ ಬರೆದಿದ್ದು ನಾನು ಕಂಡಿಲ್ಲ. ಆ ಕೊರತೆ ಇವತ್ತು ನಾನೇ ತುಂಬ್ತೀನಿ. ಇದರಲ್ಲಿ ನನ್ನ ಸ್ವಾರ್ಥವೂ ಇದೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡ್ತೀನಿ.

ವಿಷಯ ಶುರುವಾಗಿದ್ದು ವಿದ್ಯಾನಗರದ ನಮ್ಮ ಮನೆಯ ಅಟ್ಟದಲ್ಲಿ. ಅಟ್ಟ ಗುಡಿಸೋಕೆ ಹತ್ತಿದವನಿಗೆ 2004ರಲ್ಲಿ ಜೋಡಿಸಿದ್ದ ಕಂಪ್ಯೂಟರಿನ ಸಿಪಿಯು ಸಿಕ್ಕಿತು. ಮೇಲೆ ಒಂದು ಇಂಚು ಧೂಳು, ಒಳಗೆ ಹಲ್ಲಿ ಮೊಟ್ಟೆ. ಹಾರ್ಡ್ ಡಿಸ್ಕ್ ಬಿಚ್ಚಿ, ಒಂದು ಕೇಬಲ್ ತಂದು ಲ್ಯಾಪ್‌ಟಾಪಿಗೆ ಚುಚ್ಚಿದೆ. ಆಶ್ಚರ್ಯ ಅಂದ್ರೆ ಅದು ಕಟಕಟ ಅಂದು ತಿರುಗಿತು! ಒಳಗೆ ಅಪ್ಪಯ್ಯ ಬರೆದ ಮೂವತ್ತೊಂದು ಫೈಲುಗಳು ಹಾಗೇ ಕೂತಿದ್ದವು.

ಅಪ್ಪಯ್ಯ ಮೇಷ್ಟ್ರಾಗಿದ್ದವರು. ಐವತ್ತೆಂಟಕ್ಕೆ ನಿವೃತ್ತರಾದ ವರ್ಷವೇ ಟೈಪಿಂಗ್ ಕಲಿತು, ತಮ್ಮ ಹುಟ್ಟೂರಿನ ಬಗ್ಗೆ ಬರೆಯೋಕೆ ಕೂತರು. ಹುಟ್ಟೂರು ಅಂದರೆ ಶರಾವತಿ ಕಣಿವೆಯ ಒಂದು ಹಳ್ಳಿ. 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಡೆಯಾದ ಊರುಗಳಲ್ಲಿ ಅದೂ ಒಂದು. ಯಾರ ಮನೆ ಎಲ್ಲಿತ್ತು, ಕೆರೆ ಏರಿ ಮೇಲೆ ಯಾವ ಮರ ಇತ್ತು, ಊರು ಬಿಡುವ ದಿನ ಗಾಡಿಯಲ್ಲಿ ಏನೇನು ಹಿಡಿಸಲಿಲ್ಲ, ಎಲ್ಲವನ್ನೂ ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ತುಂಬಿಸಿದ್ದರು.

ಖುಷಿಯಲ್ಲಿ ಮೊದಲ ಫೈಲನ್ನು ಅವರ ಮೊಬೈಲಿಗೇ ಕಳಿಸಿದೆ. ಕನ್ನಡಕ ಏರಿಸಿ ನೋಡಿದರು. ಕೆಳಗಿಳಿಸಿ ನೋಡಿದರು.

"ಎಂತದೋ ಇದು? ಇಂಗ್ಲೆಂಡಿನವರ ಲೆಕ್ಕದ ಪುಸ್ತಕ ಇದ್ದಂಗೆ ಇದೆ."

ನಿಜವಾಗಿಯೂ ಹಾಗೇ ಇತ್ತು. ಪರದೆ ತುಂಬ ಪೌಂಡಿನ ಗುರುತು, ತಲೆಮೇಲೆ ಗೆರೆ ಹೊತ್ತ ಎ ಅಕ್ಷರಗಳು. ಬರೆದಿದ್ದು ಆ ಕಾಲದ ಒಂದು ಆಸ್ಕಿ ಫಾಂಟಿನಲ್ಲಿ. ಆ ಫಾಂಟು ಮೊಬೈಲಿನಲ್ಲಿಲ್ಲ. ಫಾಂಟಿಲ್ಲದಿದ್ದರೆ ಕನ್ನಡವೂ ಇಲ್ಲ. ನಾನು ವಿವರಿಸಿದ್ದನ್ನೆಲ್ಲ ಕೇಳಿ ಅಪ್ಪಯ್ಯ ನಕ್ಕರು: "ಹಂಗಾರೆ ನಮ್ಮೂರು ಎರಡನೇ ಸಲ ಮುಳುಗಡೆ ಆಯ್ತು ಅನ್ನು."

ಅವರೇನೋ ನಕ್ಕರು. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಈ ವಿಮರ್ಶೆ.

ಆಸ್ಕಿ ಫಾಂಟು ಅಂದರೆ ಏನು ಅಂತ ಸ್ವಲ್ಪ ನೋಡೋಣ. ಕಂಪ್ಯೂಟರಿನ ಹಳೇ ಲೆಕ್ಕದಲ್ಲಿ ಒಂದು ಫಾಂಟಿಗೆ 256 ಮನೆ. ಅದರಲ್ಲಿ ಇಂಗ್ಲಿಷು ಮತ್ತು ಯುರೋಪಿನ ಉಳಿದ ಭಾಷೆಗಳ ಅಕ್ಷರಗಳು ಸಂಸಾರ ಹೂಡಿದ್ದವು. ನಮ್ಮವರು ಆ ಮನೆಗಳ ಬಾಗಿಲ ಮೇಲಿನ ಹೆಸರು ಹಾಗೇ ಬಿಟ್ಟು, ಒಳಗೆ ಕನ್ನಡದ ಆಕಾರಗಳನ್ನು ತಂದು ಕೂರಿಸಿದರು. ನಮ್ಮ ಕಚೇರಿ, ಪ್ರೆಸ್ಸುಗಳಲ್ಲಿ ರೂಢಿಗೆ ಬಂದ ಸಂಕೇತದಲ್ಲಿ ನ ಇರುವುದು ಬ್ರಿಟಿಷ್ ಪೌಂಡಿನ ಮನೆಯಲ್ಲಿ. ಪ ಜಪಾನಿನ ಯೆನ್ ಮನೆಯಲ್ಲಿ. ಲ ಇರುವ ಜಾಗ ಕಂಪನಿಗಳು ಹೆಸರಿನ ಪಕ್ಕ ಹಾಕಿಕೊಳ್ಳುವ ರಿಜಿಸ್ಟರ್ಡ್ ಮುದ್ರೆಯದ್ದು. ನ ಒತ್ತಿಗೆ ಜರ್ಮನ್ ಭಾಷೆಯ ವಿಚಿತ್ರ ಎಸ್ಸು. ಅಪ್ಪ ಅಂತ ಬರೆದರೆ ಅದರೊಳಗೊಂದು ಯೆನ್, ಕನ್ನಡ ಅಂತ ಬರೆದರೆ ಅದರೊಳಗೊಂದು ಪೌಂಡು. ಕನ್ನಡ ಶ್ರೀಮಂತ ಭಾಷೆ ಅಂತ ನವೆಂಬರಿನಲ್ಲಿ ಭಾಷಣ ಮಾಡುವವರಿಗೆ ಇಷ್ಟು ಗಟ್ಟಿ ಪುರಾವೆ ಬೇರೆ ಸಿಗಲಿಕ್ಕಿಲ್ಲ.

ಪರದೆ ಮೇಲೆ, ಪ್ರಿಂಟಿನಲ್ಲಿ ಅದು ಕನ್ನಡವೇ. ಫೈಲಿನೊಳಗೆ ಮಾತ್ರ ಕನ್ನಡವಿಲ್ಲ, ಕನ್ನಡದ ವೇಷವಿದೆ. ಯಕ್ಷಗಾನದ ಚೌಕಿಗೆ ಹೋಗಿ ಬಣ್ಣ ಒರೆಸಿದ ಮೇಲೆ ವೇಷಧಾರಿಯನ್ನು ನೋಡಿದ ಹಾಗೆ.

ಇಲ್ಲಿ ಒಂದು ತಮಾಷೆ ಇದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನಿಮಗೆ ಗೊತ್ತಿರಬಹುದು, ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಎಲ್ಲರೂ ಕುಟ್ಟಿದ್ದು ಅದನ್ನೇ. ನನ್ನ ಮಟ್ಟಿಗೆ ಕನ್ನಡ ಕಂಪ್ಯೂಟರ್ ಲೋಕದ ಅತಿ ಚಂದದ ಕೆಲಸ ಅದು. ಇಂಗ್ಲಿಷ್ ಕೀಲಿಮಣೆಯನ್ನೇ ಇಟ್ಟುಕೊಂಡು, ವ್ಯಂಜನಕ್ಕೊಂದು ಕೀಲಿ, ಸ್ವರಕ್ಕೊಂದು ಕೀಲಿ, ಒತ್ತಕ್ಷರ ಬೇಕಾದರೆ ನಡುವೆ ಎಫ್ ಒತ್ತಿ ಕೊಂಡಿ ಹಾಕು, ಅಷ್ಟೇ. ಕನ್ನಡ ಅನ್ನೋಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದು ಕೀಲಿ. ಅಂದರೆ ಕ, ನ, ಕೊಂಡಿ, ನ, ಡ. ಒಂದನೇ ಕ್ಲಾಸಿನಲ್ಲಿ ಕಲಿತ ವ್ಯಾಕರಣವೇ ಬೆರಳಿಗೆ ಇಳಿದ ಹಾಗೆ.

ಈಗ ಯುನಿಕೋಡ್ ನೋಡಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿ ಕೊಟ್ಟಿದ್ದರು. ಕ ಅಂದರೆ 0ಸಿ95, ಅದು ಬೇರೆ ಯಾರ ಮನೆಯೂ ಅಲ್ಲ. ಅಲ್ಲಿ ಕನ್ನಡ ಅನ್ನೋ ಪದ ಉಳಿಯುವುದು ಐದು ಸಂಕೇತಗಳಾಗಿ: ಕ, ನ, ವಿರಾಮ, ನ, ಡ. ಬೆರಳು ಒತ್ತಿದ್ದು ಐದು, ಫೈಲಿನಲ್ಲಿ ಉಳಿದದ್ದೂ ಅದೇ ಐದು!

ಆಸ್ಕಿ ಫಾಂಟಿನಲ್ಲಿ ಅದೇ ಪದ ಏಳು ತುಂಡು. ಕ ದ ಮೈ, ಅದರ ತಲೆಕಟ್ಟು, ನ ದ ಮೈ, ಅದರ ತಲೆಕಟ್ಟು, ಒತ್ತು, ಡ ದ ಮೈ, ಅದರ ತಲೆಕಟ್ಟು. ಹಳೇ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದ ಹಾಗೆ. ಅಂದರೆ ಕೀಲಿಮಣೆಗೆ ಕನ್ನಡದ ವ್ಯಾಕರಣ ಗೊತ್ತಿತ್ತು. ನಾವು ಸೇವ್ ಒತ್ತಿದ ಕ್ಷಣ ಅದನ್ನೆಲ್ಲ ಎಸೆದು ಬರೀ ಚಿತ್ರ ಇಟ್ಟುಕೊಂಡೆವು. ನನ್ನ ತಕರಾರು ಇಷ್ಟೇ. ಟೈಪ್ ಮಾಡುವುದು ಹೇಗೆ ಅನ್ನೋದಕ್ಕೆ ಇಡೀ ನಾಡು ತಲೆ ಕೆಡಿಸಿಕೊಂಡಿತು. ಟೈಪ್ ಮಾಡಿದ್ದು ಏನಾಗಿ ಉಳಿಯುತ್ತೆ ಅಂತ ಕೇಳಿದವರು ಕಡಿಮೆ.

ನಾವು ಕಂಪ್ಯೂಟರ್ ಹುಚ್ಚಿನ ಹುಡುಗರು ಆಗ ಏನು ಮಾಡ್ತಿದ್ವಿ ಗೊತ್ತಾ? ನುಡಿನಾ ಬರಹಾನಾ ಅಂತ ಜಗಳ. ರಾಜ್‌ಕುಮಾರ್ ಅಭಿಮಾನಿಗಳು, ವಿಷ್ಣುವರ್ಧನ್ ಅಭಿಮಾನಿಗಳು ಇದ್ದ ಹಾಗೆ. ಶೇಷಾದ್ರಿವಾಸು ಅವರು 1998ರಲ್ಲಿ ಬಿಟ್ಟ ಬರಹದಲ್ಲಿ ಇಂಗ್ಲಿಷಿನಲ್ಲಿ ಹೇಗೆ ಕೇಳುತ್ತೋ ಹಾಗೆ ಕುಟ್ಟಿದರೆ ಕನ್ನಡ ಬರುತ್ತಿತ್ತು. ಹೊರದೇಶದಲ್ಲಿ ಕೂತ ಎಷ್ಟೋ ಜನ ಮನೆಗೆ ಕನ್ನಡದಲ್ಲಿ ಮೇಲ್ ಬರೆದದ್ದು ಅದರ ದಯೆಯಿಂದ. ನುಡಿ ಇಲ್ಲದಿದ್ದರೆ ನಮ್ಮ ಕಚೇರಿಗಳಿಗೆ ಕನ್ನಡ ಬರುವುದು ಇನ್ನೂ ಎಷ್ಟು ತಡವಾಗುತ್ತಿತ್ತೋ. ಎರಡಕ್ಕೂ ಕೈಮುಗಿಯೋಣ, ಎರಡೂ ಮುಂದೆ ಯುನಿಕೋಡಿಗೂ ಬಂದವು. ಜಗಳ ಮಾತ್ರ ಬೆರಳಿನ ಬಗ್ಗೆಯೇ ನಡೆಯಿತು, ಫೈಲಿನ ಬಗ್ಗೆ ಅಲ್ಲ.

ಇನ್ನು ನನ್ನ ತಪ್ಪಿನ ಕತೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಜೊತೆಗೇ ಒಂದು ಕನ್ನಡ ಯುನಿಕೋಡ್ ಫಾಂಟು ಬಂದಿತ್ತು. ಅದರ ಹೆಸರು ಏನು ಹೇಳಿ? ತುಂಗಾ! ಸೇತುವೆ ದಾಟಿದರೆ ಸಿಗುವ ನಮ್ಮ ಹೊಳೆಯ ಹೆಸರು ಮೈಕ್ರೋಸಾಫ್ಟಿನ ಸಿ.ಡಿ.ಯಲ್ಲಿ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಭಾಷೆಗಳ ಪುಟದಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿ, ಸಿ.ಡಿ. ತುರುಕಿ, ಒಮ್ಮೆ ರೀಸ್ಟಾರ್ಟ್ ಮಾಡಿದರೆ ಸಾಕಿತ್ತು. ಅಪ್ಪಯ್ಯನ ಕಂಪ್ಯೂಟರಿನಲ್ಲಿದ್ದದ್ದೂ ಎಕ್ಸ್‌ಪಿಯೇ. ಮನೆಯ ಕಂಪ್ಯೂಟರ್ ಪಂಡಿತ ನಾನು. ತುಂಗಾ ಹಾಕಿ ನೋಡಿದೆ, "ಛೇ, ಎಷ್ಟು ಸಣ್ಣಗೆ ಕಾಣ್ತದೆ, ಮೂಳೆ ಮೂಳೆ" ಅಂದೆ, ತೆಗೆದೆ. ದುಂಡಗೆ ಕಾಣುವ ಆಸ್ಕಿ ಫಾಂಟು ಹಾಕಿಕೊಟ್ಟೆ.

ವಿಮರ್ಶಕನಾಗಿ ಹೇಳ್ತೀನಿ, ತುಂಗಾ ಚಂದದ ಫಾಂಟು ಅಲ್ಲವೇ ಅಲ್ಲ. ಇಂಗ್ಲಿಷ್ ಪಕ್ಕ ಇಟ್ಟರೆ ಉಪವಾಸ ಕೂತ ಹಾಗೆ ಕಾಣುತ್ತೆ, ಹದಿನಾಲ್ಕಕ್ಕೆ ಏರಿಸದಿದ್ದರೆ ಓದೋಕಾಗಲ್ಲ. ಆದರೆ ಫಾಂಟಿನ ಚಂದ ನಾಳೆ ಬದಲಾಯಿಸಬಹುದು, ಒಳಗಿನ ಅಕ್ಷರ ಹಾಗಲ್ಲ. ನಾನು ಅಂಗಿಯ ಬಣ್ಣ ನೋಡಿ ಆಳನ್ನು ಆರಿಸಿದೆ.

ನನ್ನ ಪರ ಒಂದು ಮಾತಿದೆ. ಆಗ ಪ್ರೆಸ್ಸಿನವರ ಪೇಜ್‌ಮೇಕರ್ ಯುನಿಕೋಡ್ ಕನ್ನಡವನ್ನು ಹತ್ತಿರಕ್ಕೇ ಸೇರಿಸುತ್ತಿರಲಿಲ್ಲ. ಪುಸ್ತಕ ಮಾಡಿಸಬೇಕಾದರೆ ಆಸ್ಕಿಯೇ ಗತಿ. ಇವತ್ತಿಗೂ ಲಗ್ನಪತ್ರಿಕೆ ಮಾಡಿಸೋಕೆ ಯುನಿಕೋಡಿನಲ್ಲಿ ಬರೆದು ಒಯ್ದರೆ, "ಇದನ್ನ ಕನ್ವರ್ಟ್ ಮಾಡ್ಕೊಂಡು ಬನ್ನಿ ಸಾರ್" ಅನ್ನುವ ಡಿಟಿಪಿ ಅಂಗಡಿಗಳಿವೆ. ಕಾಗದದ ಮೇಲೆ ಬಂದರೆ ಆಯಿತು ಅನ್ನುವವರಿಗೆ ವೇಷ ಸಾಕು. ಆದರೆ ಆ ಫೈಲಿನಲ್ಲಿ ಹೆಸರು ಹುಡುಕೋಕೆ ಹೋಗಿ, ಸಿಗಲ್ಲ. ಕರೆಯೋಲೆ ಪಟ್ಟಿಯನ್ನು ಅಕಾರಾದಿ ಜೋಡಿಸಿ ಅಂದರೆ ಕಂಪ್ಯೂಟರ್ ಪೌಂಡು ಯೆನ್ನುಗಳ ಲೆಕ್ಕದಲ್ಲಿ ಜೋಡಿಸುತ್ತೆ. ಕಣ್ಣು ಕಾಣದವರು ಎನ್‌ವಿಡಿಎಯಂಥ ಓದುವ ತಂತ್ರಾಂಶ ಹಾಕಿದರೆ ಅದು ಕನ್ನಡ ಓದಲ್ಲ, ಗೊಣಗುತ್ತೆ. ಕಾಣುವವರಿಗೆ ಮಾತ್ರ ಕನ್ನಡ, ಉಳಿದವರಿಗೆ ಲ್ಯಾಟಿನ್ ಕಸ. ಅಲ್ಲಿಗೆ ಇದು ನನ್ನೊಬ್ಬನ ಮನೆಯ ಗೋಳಾಗಿ ಉಳಿಯುವುದಿಲ್ಲ.

ಅಪ್ಪಯ್ಯನ ಊರಿಗೆ ಏನಾಯ್ತು ಅಂದಿರಾ? ತೇಲಿತು. ಆಸ್ಕಿಯಿಂದ ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ನಮ್ಮ ಹುಡುಗರು ಬಿಡುವಿನಲ್ಲಿ ಬರೆದು ಪುಕ್ಕಟೆ ಹಂಚಿದ್ದಾರೆ, ಅವರ ಹೊಟ್ಟೆ ತಣ್ಣಗಿರಲಿ. ಮೂವತ್ತೊಂದು ಫೈಲೂ ತಿರುಗಿಸಿದೆ. ನಡುನಡುವೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದೂ ಕನ್ನಡವಾಗಿಬಿಟ್ಟಿತ್ತು. ಕೆಇಬಿಯಲ್ಲಿ ಕೆಲಸಕ್ಕಿದ್ದ ಸೋದರಮಾವ ಈಗ "ಏಇಃ" ಎಂಬಲ್ಲಿ ಕೆಲಸಕ್ಕಿದ್ದರು. ಅಪ್ಪಯ್ಯ ಅದನ್ನು ಗಟ್ಟಿಯಾಗಿ ಓದಿದರೆ ಮಾವ ಯಾರನ್ನೋ ಗದರಿದ ಹಾಗೆ ಕೇಳ್ತಿತ್ತು. ಎರಡು ತಿಂಗಳು ದಿನಾ ಸಂಜೆ ಕೂತು ಇಬ್ಬರೂ ತಿದ್ದಿದೆವು. ನನಗೆ ಗೊತ್ತೇ ಇರದ ಅಜ್ಜನ ಮನೆಯ ಅಂಗಳ ನನಗೆ ಪರಿಚಯವಾಗಿದ್ದು ಆಗಲೇ.

ಮೊನ್ನೆ ಹೊಸ ಲ್ಯಾಪ್‌ಟಾಪಿನಲ್ಲಿ ಹುಡುಕಿದೆ, ತುಂಗಾ ಕಾಣಲಿಲ್ಲ. ವಿಂಡೋಸ್ 10ರಿಂದ ಅದು ಬೇಕಾದವರು ಮಾತ್ರ ಇಳಿಸಿಕೊಳ್ಳುವ ಐಚ್ಛಿಕ ಫಾಂಟು. ಅದರ ಜಾಗದಲ್ಲಿ ನಿರ್ಮಲಾ ಯುಐ ಬಂದು ಕೂತಿದೆ. ಆದರೆ ತುಂಗಾದಲ್ಲಿ ಬರೆದಿದ್ದು ನಿರ್ಮಲಾದಲ್ಲಿ ಒಂದಕ್ಷರ ಆಚೀಚೆ ಆಗದೆ ಓದೋಕೆ ಬರುತ್ತೆ. ಫಾಂಟು ಹೋದರೂ ಭಾಷೆ ಉಳಿಯಬೇಕು ಅನ್ನೋದು ಇಷ್ಟಕ್ಕೇ.

ಎಲ್ಲ ಮುಗಿಸಿ, ಮೂರು ಕಡೆ ಕಾಪಿ ಇಟ್ಟು, "ಇನ್ನು ಚಿಂತೆ ಇಲ್ಲ ಅಪ್ಪಯ್ಯ, ಇದು ಎಲ್ಲಿ ಬೇಕಾದರೂ ತೆರೆಯುತ್ತೆ" ಅಂದೆ. ಮೊಬೈಲಿನಲ್ಲಿ ಊರಿನ ಮೊದಲ ಪುಟ ಓದಿ ಮುಗಿಸಿದರು. ಕನ್ನಡಕ ತೆಗೆದು ಪಂಚೆ ತುದಿಯಲ್ಲಿ ಒರೆಸಿಕೊಂಡರು.

"ಆಗ್ಲಿ. ಆದ್ರೂ ಒಂದು ಪ್ರಿಂಟು ತೆಗ್ಸಿಡು ಮಾರಾಯ. ಭದ್ರಾವತಿ ಪೇಪರ್ ಸಿಕ್ಕಿದ್ರೆ ಚಲೋ ಇತ್ತು, ಅದೂ ನಿಂತೋಯ್ತಲ್ಲ."